ಟವೆಲ್ಲಿನ ಕೆಳಗಿನ ಕೈ

ದೆವ್ವ ಕಂಡಿತು, ಮೈಮೇಲೆ ಬಂತು ಎಂಬ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ಮುಧೋಳದ ದನದ ಸಂತೆಯಲ್ಲಿ ದಲಾಲಿ ಮಾಡಿಯೇ ಮೇಲೆ ಬಂದವನು. ಎತ್ತಿನ ಹಲ್ಲು ನೋಡದೆ ಮಾತು ಕೊಟ್ಟವನಲ್ಲ. ನೀವೂ ಕೊಡಬೇಡಿ. ಆದರೆ ಒಮ್ಮೆ ನಾನು ಏನನ್ನೂ ನೋಡದೆ ಮಾತು ಕೊಟ್ಟೆ.

ನಮ್ಮ ಸಂತೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾವು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ತಿಳಿಸುತ್ತೇವೆ; ಒತ್ತಿದ ಬೆರಳು ಹೆಚ್ಚಿದಷ್ಟೂ ದರ ಹೆಚ್ಚು. ಒಪ್ಪಿಗೆಯಾದರೆ "ಆತು" ಎನ್ನುತ್ತೇವೆ. ಅಂದಮೇಲೆ ಮುಗಿಯಿತು, ಹಿಂದೆ ಸರಿಯುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಹೆಂಡತಿ ಶಾಂತವ್ವನನ್ನು ಕರೆದುಕೊಂಡು ಗ್ರೀಸ್ ದೇಶಕ್ಕೆ ಪ್ರವಾಸ ಹೋಗಿದ್ದೆ. ಅಲ್ಲಿ ಮಿಸ್ತ್ರಾಸ್ ಎಂದು ಬೆಟ್ಟದ ಮೇಲೊಂದು ಹಾಳೂರಿದೆ. ಬೈಜಾಂಟೈನ್ ಅರಸರ ಕಾಲದ ಚರ್ಚುಗಳು ಇನ್ನೂ ನಿಂತಿವೆ. ಉರಿಬಿಸಿಲು. ಜೊತೆಯವರು ಕೋಟೆ ನೋಡಲು ಮೇಲಕ್ಕೆ ಹೋದರು. ಶಾಂತವ್ವನ ಕಾಲುಗಳು ಸೋತಿದ್ದವು. ನೆರಳಿಗೆಂದು ನಾವಿಬ್ಬರೂ ಒಂದು ಚಿಕ್ಕ ಚರ್ಚಿನೊಳಗೆ ಹೋದೆವು.

ಒಳಗೆ ಮಬ್ಬು, ತಂಪು. ಗೋಡೆಯ ತುಂಬ ಸಂತರ ಚಿತ್ರಗಳು. ಎಷ್ಟೋ ಮುಖಗಳಿಗೆ ಕಣ್ಣೇ ಉಳಿದಿರಲಿಲ್ಲ. ಒಬ್ಬ ಸಂತ ಬೆರಳು ಮಡಚಿ ಕೈ ಎತ್ತಿದ್ದ.

"ಇಲ್ಲಿ ನೋಡ, ಇಂವನೂ ನಮ್ಮಂಗ ದಲಾಲನ," ಎಂದೆ.

"ದೇವರ ಮುಂದರ ಸುಮ್ಮ ಇರ್ರಿ," ಎಂದು ನಕ್ಕಳು.

ನಗುತ್ತಲೇ ಎದೆ ಹಿಡಿದುಕೊಂಡು ಕುಸಿದಳು. ತುಟಿಗಳು ನೀಲಿಯಾದವು. ಉಸಿರು ಕಾಣಲಿಲ್ಲ. ಹೊರಗೋಡಿ ಕೂಗಿದೆ, ಯಾರೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ.

ಮುಂದೆ ಮಾಡಿದ್ದಕ್ಕೆ ಕಾರಣ ಕೇಳಬೇಡಿ. ಒಳಗೆ ಬಂದು, ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡು, ಕೈ ಎತ್ತಿದ್ದ ಆ ಸಂತನ ಚಿತ್ರದ ಕಡೆಗೆ ಚಾಚಿದೆ. ಗೋಡೆ ನನಗೆ ಎಟುಕುವಷ್ಟು ಹತ್ತಿರವಿರಲಿಲ್ಲ. ಆದರೂ ಟವೆಲ್ಲಿನ ಕೆಳಗೆ ಒಂದು ಕೈ ನನ್ನ ಕೈ ಹಿಡಿಯಿತು. ತಣ್ಣನೆಯ, ಒರಟು ಕೈ. ಬೆರಳುಗಳನ್ನೆಲ್ಲ ಒತ್ತಿತು, ಅಂಗೈ ಒತ್ತಿತು, ಮಣಿಕಟ್ಟಿನವರೆಗೂ ಬಂತು. ಇಷ್ಟು ವರ್ಷದಲ್ಲಿ ಅಂಥ ದರವನ್ನು ನಾನು ಕಂಡಿಲ್ಲ. ಚೌಕಾಶಿಗೆ ಧೈರ್ಯ ಬರಲಿಲ್ಲ.

"ಆತು," ಎಂದೆ.

ಕೈ ಬಿಟ್ಟಿತು. ಶಾಂತವ್ವ ಉದ್ದಕ್ಕೆ ಉಸಿರೆಳೆದು ಕಣ್ಣು ಬಿಟ್ಟಳು.

ಬಿಸಿಲಿಗೆ ತಲೆಸುತ್ತು ಬಂದಿರಬೇಕು ಎಂದರು ಅಲ್ಲಿಯ ಡಾಕ್ಟರು. ಇರಬಹುದು. ಗಾಬರಿಯಲ್ಲಿ ನಾನು ಹಿಡಿದದ್ದು ಅವಳ ಕೈಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಕೊನೆಗೊಮ್ಮೆ ಅವಳನ್ನೇ ಕೇಳಿದೆ.

"ನನ್ನ ಎರಡೂ ಕೈ ಎದಿ ಮ್ಯಾಲಿದ್ದೂವಲ್ರೀ," ಎಂದಳು. "ಅದಿರ್ಲಿ, ಆತು ಅಂದದ್ದು ನನಗ ಕೇಳಿಸ್ತು. ಎಷ್ಟಕ್ಕ ಮುಗಿಸಿದ್ರಿ?"

ಚೇಷ್ಟೆಗೆ ಈಗಲೂ ಆಗಾಗ ಕೇಳುತ್ತಾಳೆ. ಎಷ್ಟೆಂದು ನನಗೇ ಗೊತ್ತಿಲ್ಲ, ಕೊಡುವುದಂತೂ ಬಾಕಿಯಿದೆ. ಮನೆಯ ಬಾಗಿಲನ್ನು ಯಾರೇ ಬಡಿಯಲಿ, ಅವಳನ್ನು ಏಳಗೊಡದೆ ನಾನೇ ಹೋಗಿ ತೆಗೆಯುತ್ತೇನೆ.