ಗುರುವಾರದ ಅಕ್ಕೋರ ಡಬ್ಬಿ

ಅಕ್ಕೋರು ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದರು. ಹೆಜ್ಜೆ ಹಾಕಿದಾಗೆಲ್ಲ ಹೆಗಲ ಚೀಲದೊಳಗಿನ ಸ್ಟೀಲ್ ಡಬ್ಬಿಯ ಸಡಿಲ ಮುಚ್ಚಳ ಕಿಣ್ ಅನ್ನುತ್ತಿತ್ತು. ಮಲ್ಲಾಪುರದ ನಮ್ಮ ಶಾಲೆಗೆ ಅವರು ಅಂಕೋಲೆಯಿಂದ ಬಸ್ಸು ಬದಲಿಸಿ ಗುರುವಾರ ಮಾತ್ರ ಬರುತ್ತಿದ್ದರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತೇವೆ; ಇವರು ಬರುತ್ತಿದ್ದದ್ದು ಪಾಠ ಹೇಳಲಿಕ್ಕಲ್ಲ, ಮಕ್ಕಳ ಮನಸ್ಸಿನ ಕಷ್ಟ ಕೇಳಲಿಕ್ಕೆ. ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ವಾಲಿಬಾಲ್‌ಗಳ ನಡುವೆ ಅವರ ಕುರ್ಚಿ.

ನಾನಾಗ ಒಂಬತ್ತನೇ ಇಯತ್ತೆ. ಬೆಳಿಗ್ಗೆ ಜೀವದ ಗೆಳತಿಯಾಗಿದ್ದವಳು ಮಧ್ಯಾಹ್ನದ ಊಟದ ಹೊತ್ತಿಗೆ ನನಗೆ ಜನ್ಮವೈರಿ. ಸಂಜೆ ಮತ್ತೆ ಅವಳ ಮನೆ ಬಾಗಿಲಲ್ಲಿ ಅಳುತ್ತ ನಿಂತಿರುತ್ತಿದ್ದೆ. ಸೆಕೆಯಲ್ಲೂ ತುಂಬುತೋಳಿನ ಅಂಗಿ. ನಾನೇ ಮಾಡಿಕೊಂಡ ಗಾಯ ಕಾಣಬಾರದಲ್ಲ. ಅಪ್ಪ ಇದಕ್ಕೆಲ್ಲ ಕೊಬ್ಬು ಅಂತ ಹೆಸರಿಟ್ಟಿದ್ದರು. ನಾವಿದ್ದ ಕ್ವಾರ್ಟರ್ಸಿನ ನೆರೆಯವರ ಬಾಯಿಗೆ ಹೆದರಿದ ಅಮ್ಮ, ನಮ್ಮ ಆಯಿ, ವರ್ಷ ಮುಗಿಯುತ್ತಲೇ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸುವುದೆಂದು ತೀರ್ಮಾನಿಸಿದ್ದಳು. ಶಾಲೆ ತಪ್ಪಿದರೆ ನಾನು ಉಳಿಯುವುದಿಲ್ಲ ಅನಿಸುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಒಂದು ಗುರುವಾರ ಅಕ್ಕೋರು ತರಗತಿಗೆಲ್ಲ ಪ್ರಶ್ನೆಗಳ ಹಾಳೆ ಹಂಚಿದರು. ಸಿಟ್ಟು ತಡೆಯಲಾಗುವುದಿಲ್ಲವೇ, ಒಳಗೆಲ್ಲ ಖಾಲಿ ಅನಿಸುತ್ತದೆಯೇ, ಹತ್ತಿರದವರು ಬಿಟ್ಟು ಹೋಗುತ್ತಾರೆಂದು ಹೆದರಿಕೆಯೇ. ಪಕ್ಕದಲ್ಲಿ ಜನ್ಮವೈರಿ ಕೂತು ಇಣುಕುತ್ತಿದ್ದಳು. ಎಲ್ಲದಕ್ಕೂ ಇಲ್ಲ ಅಂತ ಗೀಚಿ ಕೊಟ್ಟೆ.

ಅಕ್ಕೋರು ನನ್ನನ್ನೇ ಕರೆಸಿದರು. "ಒಂದಕ್ಕೂ ಹೌದು ಅನ್ನದವಳು ನೀನೊಬ್ಬಳೇ, ತಂಗಿ. ಅದಕ್ಕೇ ಕರೆದೆ" ಅಂದರು. ತೋಳಿನ ಕಡೆ ನೋಡಿದರು, ಸರಿಸು ಅನ್ನಲಿಲ್ಲ. ಡಬ್ಬಿಯಲ್ಲಿದ್ದ ಸುಟ್ಟ ಗೇರುಬೀಜ ತಿನ್ನಿಸಿ, ಖಾಲಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟು, ಮುಂದಿನ ಗುರುವಾರ ತಾ ಅಂದರು. ಪಾತ್ರೆಯನ್ನು ಖಾಲಿ ಮರಳಿಸುವ ರೂಢಿ ನಮ್ಮ ಕಡೆ ಇಲ್ಲ. ಹಾಗಾಗಿ ಒಂದು ವಾರ ನಾನು ಏನಾದರೂ ತುಂಬಿ ಒಯ್ಯುವುದು, ಇನ್ನೊಂದು ವಾರ ಅವರು ತುಂಬಿ ತರುವುದು ನಡೆಯಿತು. ಅದರ ಜೊತೆಗೇ ಮಾತೂ ಬಂತು.

ಮಳೆಗಾಲದ ಒಂದು ಗುರುವಾರ ಅವರು ಬರಲಿಲ್ಲ. ಹೆದ್ದಾರಿಗೆ ಗುಡ್ಡ ಜರಿದು ಅಂಕೋಲೆ ಬಸ್ಸು ನಿಂತಿದೆಯೆಂದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ನನ್ನ ಕಾಟ ತಾಳಲಾರದೆ ಕೈತೊಳೆದುಕೊಂಡರು ಅಂತಲೇ ನಂಬಿದೆ. ಒಗ್ಗರಣೆ ಅವಲಕ್ಕಿ ಸಮೇತ ಡಬ್ಬಿಯನ್ನು ಕಾಳಿ ನದಿಗೆ ಎಸೆದೆ.

ಮುಂದಿನ ವಾರ ಅವರೆದುರು ಗದ್ದ ಎತ್ತಿ ನಿಂತು, ಡಬ್ಬಿ ಎಸೆದದ್ದನ್ನು ಹೇಳಿದೆ. ಬೈದು ಕಳಿಸಲಿ ಅಂತ ಕಾದೆ.

"ನಾ ಇನ್ನು ಬರೂದಿಲ್ಲ ಅಂದ್ಕಂಡೆ, ಅಲ್ಲನೆ? ಹಾಳೆಯಲ್ಲಿ ನೀ ಇಲ್ಲ ಅಂದದ್ದು ಈ ಹೆದರಿಕೆಗೇ" ಅಂದರು. ಕುರ್ಚಿ ಹತ್ತಿರ ಎಳೆದುಕೊಂಡು, "ಡಬ್ಬಿ ಹೋಯ್ತು, ಹೋಗಲಿ. ನಾ ಎಲ್ಲೂ ಹೋಗ್ಲಿಲ್ಲ, ಇಲ್ಲೇ ಇದ್ದೆ ನೋಡು" ಅಂದರು.

ಅಂದು ಮೊದಲ ಸಲ ತೋಳು ಸರಿಸಿ ತೋರಿಸಿದೆ.

ಅಂದೇ ಸಂಜೆ, ನನ್ನನ್ನು ಕೇಳಿಕೊಂಡೇ, ಮನೆಗೆ ಬಂದು, ನನ್ನನ್ನು ಡಾಕ್ಟರಿಗೆ ತೋರಿಸಬೇಕು ಅಂದರು. ಹುಡುಗಿಗೆ ರೋಗದ ಹೆಸರು ಅಂಟಿದರೆ ಮುಂದೆ ಗತಿಯೇನು ಎಂದು ಆಯಿ ಕಣ್ಣೊರೆಸಿಕೊಂಡಳು. "ನಾ ಮಕ್ಕಳ ಕೇಳಿ ನೋಡೂದು ಅಕ್ಕಿ ಜರಡಿ ಹಿಡಿದಾಂಗೆ. ಜರಡಿಲಿ ನಿಂತದ್ದೆಲ್ಲ ಕಲ್ಲಲ್ಲ. ಡಾಕ್ಟರು ಕೈಲಿ ತಕ್ಕಂಡು ನೋಡ್ಬೇಕು. ಶಾಲೆ ಮಾತ್ರ ಬಿಡಿಸ್ಬೇಡಿ" ಅಂದರು ಅಕ್ಕೋರು. ಗುಣವಾಗುತ್ತದೆಯೇ ಅಂತ ಕೇಳಿದ್ದಕ್ಕೆ ಆಣೆ ಇಡಲಿಲ್ಲ. ಹೊತ್ತು ಹಿಡಿಯುತ್ತದೆ, ಜೊತೆಗಿರುತ್ತೇನೆ ಅಂದರು. ಮರುವಾರ ಹೊಸ ಡಬ್ಬಿ ತಂದರು. ಅದರ ಮುಚ್ಚಳವೂ ಸಡಿಲವೇ.

ಕಾರವಾರದ ಡಾಕ್ಟರು ತಿಂಗಳುಗಟ್ಟಲೆ ನೋಡಿದ ಮೇಲೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಭಾವನೆಗಳು ಹಿಡಿತಕ್ಕೆ ಸಿಗದ ಕಾಯಿಲೆ ಅಂದರು; ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಅಂದರು. ಬಾರ್ಡರ್ ಅಂದರೆ ಗೋವಾ ಚೆಕ್‌ಪೋಸ್ಟ್ ಅಷ್ಟೇ ಗೊತ್ತಿದ್ದ ಅಪ್ಪ, ಕೊಬ್ಬು ಅನ್ನುವುದನ್ನು ಅಂದಿನಿಂದ ಬಿಟ್ಟರು. ಸಿಟ್ಟು, ಅಳು ಉಕ್ಕಿ ಬರುವ ಗಳಿಗೆಯನ್ನು ದಾಟುವುದು ಹೇಗೆಂದು ವರ್ಷಗಟ್ಟಲೆ ಕಲಿತೆ. ಶಾಲೆ ಬಿಡಲಿಲ್ಲ. ಈಗ ಮಲ್ಲಾಪುರದಲ್ಲೇ ಮಕ್ಕಳಿಗೆ ಗಣಿತ ಹೇಳುತ್ತೇನೆ. ಡಬ್ಬಿಯ ಓಡಾಟವೂ ನಿಲ್ಲಲಿಲ್ಲ.

ಕಳೆದ ಮಳೆಗಾಲ ಅಕ್ಕೋರು ತೀರಿಕೊಂಡರು. ಆಗ ಡಬ್ಬಿ ನನ್ನ ಹತ್ತಿರವಿತ್ತು, ಮರಳಿಸುವ ಸರದಿ ನನ್ನದು. ಅವಲಕ್ಕಿ ಒಗ್ಗರಿಸಿ ತುಂಬಿಕೊಂಡು ಅಂಕೋಲೆಗೆ ಹೋದೆ. ಅಕ್ಕೋರ ಜೊತೆ ವಾಸವಿದ್ದ ಅವರ ತಂಗಿ ಅದನ್ನು ಒಳಗೊಯ್ದು ತೊಳೆದು, ಉಪ್ಪಿನಲ್ಲಿಟ್ಟ ಮಾವಿನಕಾಯಿ ತುಂಬಿ ಮತ್ತೆ ನನ್ನ ಕೈಗೇ ಕೊಟ್ಟರು.

"ಮುಂದಿನ ಸಲ ಇದ್ನ ತಕ್ಕಂಡೇ ಬಾ" ಅಂದರು.

ಬಸ್ಸು ಕಾಳಿ ನದಿಯ ಬದಿಗೆ ಬಂದಾಗ ಅಳು ಬಂತು, ಅತ್ತುಬಿಟ್ಟೆ. ಈ ಸಲ ಅಕ್ಕೋರು ನಿಜವಾಗಿಯೂ ಬರುವುದಿಲ್ಲ. ರಸ್ತೆಯ ಹೊಂಡಹೊಂಡಕ್ಕೂ ಮಡಿಲಲ್ಲಿ ಮುಚ್ಚಳ ಕಿಣ್ ಅನ್ನುತ್ತಿತ್ತು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ.