ರಾಕ್ಷಸರ ಪಾಲಿಗೆ ಹೋದ ಳ

ಪುಣೆಯಲ್ಲಿ ಮಿಮಿಕ್ರಿ ಮಾಡುವವರು ಓಣಿಗೊಬ್ಬರು ಸಿಗುತ್ತಾರೆ. ದೇವತೆಗಳಿಗೂ ರಾಕ್ಷಸರಿಗೂ ಭಾಷೆ ಹುಟ್ಟಿಸಿದವನು ಮಾತ್ರ ನಾನೊಬ್ಬನೇ. ಹಿಂಜವಾಡಿಯ ಒಂದು ಗೇಮ್ ಕಂಪನಿ ಕ್ಯಾಬ್ ಕಳಿಸಿ ನನ್ನನ್ನು ಕರೆಸಿತ್ತು. ಅವರ ಹೊಸ ಆಟದಲ್ಲಿ ಇಬ್ಬರಿಗೂ ಒಂದೊಂದು ಹೊಸ ಭಾಷೆ ಬೇಕು. ಯಾರಿಗೆ ಯಾವ ಧ್ವನಿ ಎಂದು ಹಂಚುವವನು ನಾನು.

ಬೋರ್ಡಿನ ಮೇಲೆ ದೇವತೆಗಳ ಸಾಲಿನಲ್ಲಿ ಮೊದಲಿಗೇ ಳ, ಣ ಬರೆದೆ. ಅವು ಅವ್ವನ ಬಾಯಲ್ಲಿ ಕೇಳಿದ ಧ್ವನಿಗಳು.

ತಂಡದ ಮುಖ್ಯಸ್ಥೆ, ಮರಾಠಿ ಹುಡುಗಿ, ಎರಡನ್ನೂ ಅಳಿಸಿ ರಾಕ್ಷಸರ ಸಾಲಿಗೆ ಹಾಕಿದಳು. "ಅಹೋ ಕಾಕಾ, ಇವು ಒರಟು."

"ನಿಮ್ಮ ಮರಾಠಿಯಲ್ಲೂ ಇವೆಯಲ್ಲಮ್ಮಾ!"

"ಮನೆಯಲ್ಲಿ ಇರಲಿ ಕಾಕಾ, ಸ್ವರ್ಗದಲ್ಲಿ ಬೇಡ."

ಎಷ್ಟು ಮೆತ್ತಗಿನ ಧ್ವನಿಗಳೆಂದು ತೋರಿಸಿಯೇ ಬಿಡೋಣ ಎಂದು, ಧಾರವಾಡದಲ್ಲಿ ಅವ್ವ ಕಟ್ಟೆಯ ಮೇಲೆ ನಿಂತು ನನ್ನನ್ನು ಕರೆಯುತ್ತಿದ್ದ ಹಾಗೇ ಕರೆದೆ: "ಬಾಳಾ, ಉಣ್ಣಾಕ ಬಾರೋ!"

ಎಲ್ಲರೂ ಚಪ್ಪಾಳೆ ತಟ್ಟಿದರು. "ರಾಕ್ಷಸಿ ಸಾಯುವಾಗ ಹೀಗೇ ಕೂಗಬೇಕು!" ಎಂದು ಆ ಹುಡುಗಿ ಮೈಕು ತರಿಸಿದಳು. ಬೇಡ ಅನ್ನಬಹುದಿತ್ತು. ಚಪ್ಪಾಳೆ ಕೇಳಿದವನು ನಾನು, ಮೂರು ಸಲ ಕೂಗಿ ಕೊಟ್ಟೆ.

ಆಟ ಬಂದ ದಿನ ಹೆಂಡತಿಯನ್ನು ಟಿವಿ ಮುಂದೆ ಕೂಡಿಸಿದೆ. ಮೊದಲ ಬಾಣಕ್ಕೇ ರಾಕ್ಷಸಿ ಉರುಳಿ ಕೂಗಿದಳು. ಶೇಂಗಾ ಸುಲಿಯುತ್ತಿದ್ದ ಹೆಂಡತಿಯ ಕೈ ನಿಂತಿತು.

"ರೀ, ನಮ್ಮ ಅತ್ತಿ ಕರದಂಗ ಅದಲ್ರಿ?"

ಅವ್ವ ಹೋಗಿ ಇಪ್ಪತ್ತು ವರ್ಷವಾಯಿತು. ಆದರೂ ಸೊಸೆ ಥಟ್ಟನೆ ಗುರುತು ಹಿಡಿದಳೆಂದರೆ, ನನ್ನ ಮಿಮಿಕ್ರಿ ಎಂಥದ್ದು ನೋಡಿ.