ಮುಳ್ಳು ನುಂಗಿದ ಬಾತುಕೋಳಿ

ಬೆಳಕು ಹರಿಯುವ ಮೊದಲು ನೀರು ಹಿಡಿಯಬೇಕು. ಹಾಸಿಗೆ ಹಿಡಿದ ಅತ್ತೆಯ ಒದ್ದೆ ಬಟ್ಟೆ ಬದಲಿಸಿ, ಮಗ್ಗುಲು ಹೊರಳಿಸಿ, ಬೆನ್ನಿಗೆ ಪೌಡರ್ ಹಾಕಬೇಕು. ಆಮೇಲೆ ರಾತ್ರಿಯ ಪಾತ್ರೆ, ಎರಡು ಹೊತ್ತಿನ ಅಡುಗೆ, ಗಂಡನ ಡಬ್ಬಿ, ಗಂಡನ ಸಾಕ್ಸು. ಮದುವೆಯಾದಾಗಿನಿಂದ ಆ ಸಾಕ್ಸು ಇರುವುದು ಒಂದೇ ಜಾಗದಲ್ಲಿ. ಅದು ಯಾವ ಜಾಗವೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ತನ್ನ ತಲೆಯನ್ನು ಅವಳು ಬಸ್ಸಿಗೆ ನಡೆಯುತ್ತ ಬಾಚಿಕೊಳ್ಳುತ್ತಿದ್ದಳು.

ಸಿದ್ಧ ಉಡುಪಿನ ಕಾರ್ಖಾನೆಯ ಹಿಂಬದಿಯಲ್ಲಿ, ಕೆಲಸದ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರದಲ್ಲಿ ಅವಳು ಆಯಾ. ಎಲ್ಲರ ಬಾಯಲ್ಲೂ ಕತೆಯಮ್ಮ. ಬಾಯಿ ಬಿಗಿಹಿಡಿದ ಮಕ್ಕಳಿಗೆ ಊಟ ಇಳಿಸಲು ಅವಳಿಗೆ ಗೊತ್ತಿದ್ದ ಉಪಾಯ ಒಂದೇ. ಕತೆಯ ಒಂದು ತಿರುವಿಗೆ ಒಂದು ತುತ್ತು. ಕೊನೆಗೆ ನೀತಿಯನ್ನು ಮಕ್ಕಳೇ ಕೂಗಬೇಕು. ಯಾರ ಬಾಯಿ ಖಾಲಿಯಾಗಿದೆ, ಯಾರು ಕೆನ್ನೆಯಲ್ಲಿ ಅನ್ನ ಅಡಗಿಸಿಕೊಂಡಿದ್ದಾರೆ ಅನ್ನುವುದು ಆಗ ತಿಳಿಯುತ್ತಿತ್ತು.

ಅವಳೇ ಕಟ್ಟಿದ ಬಾತುಕೋಳಿಯ ಕತೆ ಮಕ್ಕಳಿಗೆ ಅಚ್ಚುಮೆಚ್ಚು. ಮಗಳು ಚಿಕ್ಕವಳಿದ್ದಾಗ ಊಟಕ್ಕೆ ಹಟ ಮಾಡುತ್ತಾಳೆಂದು ಕಟ್ಟಿದ್ದು. ಕೋಳಿಗಳ ಮನೆ ಸೇರಿದ ಒಂದು ಬಾತು. ಅದರ ಕಾಳಿನಲ್ಲಿ ಕೋಳಿಗಳು ದಿನಾ ಮುಳ್ಳು ಬೆರೆಸುತ್ತವೆ. ಬಾತು ತುಟಿಪಿಟಕ್ಕೆನ್ನದೆ ನುಂಗುತ್ತದೆ. ಒಂದು ದಿನ ಹೊಟ್ಟೆಯೊಳಗಿನ ಮುಳ್ಳುಗಳೆಲ್ಲ ಮುತ್ತಾಗುತ್ತವೆ.

"ನುಂಗಿದವರಿಗೆ?"

"ಮುತ್ತು!" ಕಿಟಕಿಯ ಗಾಜು ಅದುರುತ್ತಿತ್ತು.

ಆ ಮಗಳೀಗ ಅದೇ ಕಾರ್ಖಾನೆಯಲ್ಲಿ ಹೊಲಿಗೆಗೆ ಸೇರಿದ್ದಳು. ಅವಳ ಮಗು ಪುಟ್ಟಿ ಅಜ್ಜಿಯ ಶಿಶುವಿಹಾರದಲ್ಲೇ ಆಡಿಕೊಂಡಿರುತ್ತಿತ್ತು. ಒಂದು ಬೆಳಗ್ಗೆ ಮಗಳ ತೋಳಿನ ಮೇಲೆ ನೀಲಿ ಗುರುತು.

"ಬಾಗಿಲು ತಗುಲ್ತು ಅಮ್ಮ."

"ನಿಮ್ಮನೆ ಬಾಗಿಲಿಗೆ ಐದು ಬೆರಳಿದ್ಯಾ?"

ಮಗಳು ನಕ್ಕಳು. "ಸುಮ್ನಿರಮ್ಮ. ಇನ್ನೊಂದು ಸ್ವಲ್ಪ ದಿನ, ಎಲ್ಲ ಸರಿಹೋಗುತ್ತೆ."

ಕತೆಯಮ್ಮ ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಕೊಟ್ಟಾಯ್ತು, ಅವರ ಮನೆ ವಿಷಯ. ಅವಳನ್ನ ಇಲ್ಲಿಗೆ ಕರ್ಕೊಂಡು ಬಂದ್ಯೋ, ನೀನೂ ಅವಳ ಹಿಂದೇನೇ ಹೊರಗೆ." ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುವಾರ ಒಂದು ಮಧ್ಯಾಹ್ನ ಗಂಜಿ ಒಲೆಯಿಂದ ಇಳಿದದ್ದೇ ಬಟ್ಟಲಿಗೆ ಬಂದಿತ್ತು. "ಸುಡ್ತು!" ಎಂದು ಒಂದು ಮಗು ಚೀರಿತು. ಇನ್ನೊಂದು ಉಗುಳಿತು. ಪುಟ್ಟಿ ಮಾತ್ರ ಬಾಯಿ ಮುಚ್ಚಿ ಕೂತಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಉಗಿಯೇ ಪುಟ್ಟಿ, ಉಗಿ!"

ಮಗು ಒಲ್ಲೆನೆಂದು ತಲೆಯಾಡಿಸಿ ನುಂಗಿತು. ಬಾಯಿ ತೆರೆದು ತೋರಿಸಿತು. ನಾಲಿಗೆ ಕೆಂಪಗೆ ಬೆಂದಿತ್ತು.

"ನುಂಗ್ಬಿಟ್ಟೆ ಅಜ್ಜಿ. ಅಪ್ಪ ಹೊಡೆದಾಗ ಅಮ್ಮ ಬಾತುಕೋಳಿ ಆಗ್ತಾಳೆ. ನಂಗೂ ಆಗು ಅಂತಾಳೆ."

ಅವಳು ಎತ್ತಿಕೊಂಡು ತಣ್ಣೀರು ಕುಡಿಸಿದಳು. ಮಗುವನ್ನು ಕೆಳಗಿಳಿಸಲು ಆಗಲಿಲ್ಲ. ಅವತ್ತು ಉಳಿದ ಮಕ್ಕಳು ಕತೆಯಿಲ್ಲದೆ ಉಂಡವು.

ಸಂಜೆ ಮಗಳು ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು. "ಆ ಮನೆಗೆ ಹೋಗ್ಬೇಡ."

"ಮತ್ತೆ ಎಲ್ಲಿರ್ಲಿ? ಅಪ್ಪ ಒಳಗೆ ಬಿಡ್ತಾರಾ?"

ತಾಯಿ ಬಾಗಿಲು ಬಿಟ್ಟು ಕದಲಲಿಲ್ಲ. "ಆ ಕತೆ ಸುಳ್ಳು ಕಣೇ. ನೀನು ನಾಲ್ಕು ತುತ್ತು ತಿನ್ಲಿ ಅಂತ ಕಟ್ಟಿದ್ದು."

ಮಗಳು ತಾಯಿಯ ಮುಖವನ್ನೇ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಕತೆ ಕೇಳಿ ಅಲ್ಲಮ್ಮ ನಾನು ನಂಬಿದ್ದು. ನಿನ್ನ ನೋಡಿ."

ಮಗುವಿನ ಕೈ ಹಿಡಿದು ಹೊರಟೇಬಿಟ್ಟಳು. ಪುಟ್ಟಿ ತಿರುಗಿ ತಿರುಗಿ ನೋಡುತ್ತ ಹೋಯಿತು.

ಕತೆಯಮ್ಮನ ಬಸ್ಸು ಬಂತು, ಹೋಯಿತು. ಮನೆಯಲ್ಲಿ ಅತ್ತೆಯನ್ನು ನೋಡಿಕೊಳ್ಳಲು ಅತ್ತೆ ಹೆತ್ತ ಮಗನಿದ್ದಾನೆ. ಅವಳು ಕಾರ್ಖಾನೆಯ ಹಿಂದಿನ ಗಲ್ಲಿಗೆ ತಿರುಗಿದಳು. ಬಾಡಿಗೆಗೆ ಎಂಬ ಹಲಗೆ ತೂಗುತ್ತಿದ್ದ ಮನೆಯೊಂದರ ಬಾಗಿಲು ತಟ್ಟಿದಳು. ಮೆಟ್ಟಿಲ ಕೆಳಗೆ ಒಂದೇ ಕೋಣೆ, ಮೂಲೆಯಲ್ಲಿ ನಲ್ಲಿ, ಒಳಗಿನಿಂದ ಹಾಕುವ ಗಟ್ಟಿ ಚಿಲಕ. ಚಿಲಕವನ್ನು ಎಳೆದು ನೋಡಿದಳು.

"ಎಷ್ಟು ಜನ?" ಮನೆಯೊಡತಿ ಕೇಳಿದಳು.

"ಮೂರು."

"ಗಂಡಸರು?"

"ಇಲ್ಲ. ಮಗಳು, ಮೊಮ್ಮಗಳು. ಅವರು ಬರೋದು ಯಾವಾಗ್ಲೋ ಗೊತ್ತಿಲ್ಲ. ನಾನು ಇವತ್ತೇ ಬರ್ತೀನಿ."